ಸೋಮವಾರ ಪತ್ರೆ ಕೀಳುವ ಹಾಗಿಲ್ಲ

ಆ ಬೆಳಗ್ಗೆ ಅಜ್ಜಿ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಏನು ಹೇಳಿದಳು ಎಂಬುದು ನನಗೆ ಸರಿಯಾಗಿ ನೆನಪಿಲ್ಲ. ನೆನಪಿದೆ ಎಂದೇ ಬಹಳ ಕಾಲ ನಂಬಿದ್ದೆ. ‘ದಿನಾ ಹೊಸ ಪತ್ರೆ ಬೇಕು ಮಗ’ ಅಂದಳೋ, ಬರೀ ‘ಪತ್ರೆ ಬೇಕು’ ಅಂದಳೋ, ಅಥವಾ ನನಗೇನೂ ಹೇಳದೆ ಅಡುಗೆಮನೆಯ ಕಡೆ ಮುಖ ಮಾಡಿ, ನನಗೆ ಕೇಳಿಸುವಷ್ಟು ಜೋರಾಗಿ ನಿಟ್ಟುಸಿರು ಬಿಟ್ಟಳೋ. ಬಾಗಿಲಲ್ಲಿ ನಿಂತಿದ್ದು ಅಜ್ಜಿಯೇ ಅಲ್ಲ, ಅಮ್ಮ ಇರಬಹುದು ಎಂಬ ಅನುಮಾನವೂ ಈಚೆಗೆ ಹುಟ್ಟಿಕೊಂಡಿದೆ. ನಾನು ಓದಿದ್ದು ಇತಿಹಾಸ. ಒಂದು ಮಾತನ್ನು ನಂಬುವ ಮೊದಲು ಅದು ಯಾರ ಬಾಯಿಂದ ಬಂತು, ಹಾಗೆ ಹೇಳಿದ್ದರಿಂದ ಯಾರಿಗೆ ಅನುಕೂಲವಾಯಿತು ಎಂದು ಕೇಳಬೇಕೆಂದು ಕಲಿಸಿ ಕಳಿಸಿದ್ದಾರೆ. ಆ ಪ್ರಶ್ನೆಯನ್ನು ಲೋಕದವರಿಗೆಲ್ಲ ಕೇಳಿ ನನ್ನ ತಲೆಗೆ ಮಾತ್ರ ಕೇಳದೆ ಬಿಟ್ಟರೆ ಓದಿದ್ದು ದಂಡ.

ಆದರೂ ಬರೆಯುತ್ತಿದ್ದೇನೆ. ಏಕೆಂದರೆ ನಾನು ಬರೆಯದಿದ್ದರೆ ದೊಡ್ಡಪ್ಪನ ಕಥೆಯೇ ಉಳಿಯುತ್ತದೆ. ಅದನ್ನು ಅವರು ಯಾರ ಮನೆಯ ಗೃಹಪ್ರವೇಶವಿರಲಿ, ನಾಮಕರಣವಿರಲಿ, ಕೊನೆಗೆ ಸಾವಿನ ಮನೆಯ ಹಾಲುತುಪ್ಪವೇ ಇರಲಿ, ಊಟಕ್ಕೆ ಎಲೆ ಹಾಕುವುದರೊಳಗೆ ಹೇಳಿ ಮುಗಿಸುತ್ತಾರೆ. ‘ನಮ್ಮ ತಮ್ಮನ ಮಗ ಓದು ಮುಗಿಸ್ಕೊಂಡು ಬಂದು ಹಾಸಿಗೆ ಹಿಡಿದ್ಬುಟ್ಟಿದ್ದ ಕಣ್ರೀ. ಲಿಂಗಪೂಜೆಗೆ ಪತ್ರೆ ತರೋ ಸೇವೆ ಹಚ್ಚಿದ್ವಿ ನೋಡಿ, ಶಿವ ಕೈ ಹಿಡ್ಕೊಂಡು ಎಬ್ಬಿಸ್ಬುಟ್ಟ.’ ಹಚ್ಚಿದ್ವಿ ಎನ್ನುವ ಬಹುವಚನ ನೋಡಿ. ಕುಂಬಾರಕೊಪ್ಪಲಿನಲ್ಲಿ ಮನೆ ಮಾಡಿಕೊಂಡಿರುವ ಅವರು ಆ ದಿನಗಳಲ್ಲಿ ನಮ್ಮ ಮನೆಯ ಕಡೆ ತಲೆ ಹಾಕಿದ್ದೇ ಅಪರೂಪ.

ಕಥೆ ಎಲ್ಲಿಂದ ಶುರು ಎಂದು ಹೇಳಿಬಿಡುತ್ತೇನೆ. ಎಂ.ಎ. ಮುಗಿದು, ಹಾಸ್ಟೆಲ್ ಕೋಣೆಯ ಬೀಗದ ಕೈ ವಾಪಸು ಕೊಟ್ಟು, ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬಿಸಿಕೊಂಡು ನಾನು ಮೈಸೂರಿಗೆ ಮರಳಿದೆ. ಮರಳಿದೆ ಎನ್ನುವುದೂ ಅರ್ಧ ಸುಳ್ಳೇ. ನಾನು ಹುಟ್ಟಿ ಬೆಳೆದದ್ದು ಚಾಮರಾಜಪುರಂನ ಒಂದು ಬಾಡಿಗೆ ಮನೆಯಲ್ಲಿ. ನಾನು ಪರವೂರಿನಲ್ಲಿ ಓದುತ್ತಿದ್ದಾಗ ಅಪ್ಪ ದಟ್ಟಗಳ್ಳಿಯ ಸೈಟಿನಲ್ಲಿ ಮನೆ ಕಟ್ಟಿಸಿ, ಅಮ್ಮ ಮತ್ತು ಅಜ್ಜಿಯನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದರು. ಅಲ್ಲಿ ‘ನಿನ್ನ ರೂಮು’ ಎಂದು ತೋರಿಸಿದ ಕೋಣೆಯಲ್ಲಿ ನಾನು ಒಂದು ದಿನವೂ ಬದುಕಿರಲಿಲ್ಲ. ಇಸ್ತ್ರಿ ಟೇಬಲ್ಲು, ಒಣಹಾಕಿದ ಬಟ್ಟೆ, ಮಡಚಿಟ್ಟ ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಒಂದು ಮಂಚ. ಬೀದಿಯಲ್ಲಿ ಗುರುತಿನವರು ಯಾರೂ ಇಲ್ಲ. ಎದುರಿಗೆ ಖಾಲಿ ಸೈಟು, ಅದರಲ್ಲಿ ಯಾರದೋ ಹಸು.

ನನಗೆ ಬೆಳಗ್ಗೆ ಎಚ್ಚರವಾಗುತ್ತಿತ್ತು. ಏಳಲು ಆಗುತ್ತಿರಲಿಲ್ಲ. ಇವೆರಡೂ ಬೇರೆ ಬೇರೆ ಎಂದು ಹೇಳಿದರೆ ಇವತ್ತಿಗೂ ನಮ್ಮ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಹಾಸ್ಟೆಲಿನಲ್ಲಿ ನನ್ನನ್ನು ಎಬ್ಬಿಸುತ್ತಿದ್ದುದು ನನ್ನ ಸಂಕಲ್ಪವಲ್ಲ. ಮೆಸ್ಸಿನಲ್ಲಿ ಇಡ್ಲಿ ಮುಗಿದುಹೋಗುತ್ತದೆ ಎಂಬ ಭಯ, ಗ್ರಂಥಾಲಯದ ಕಿಟಕಿ ಪಕ್ಕದ ಕುರ್ಚಿ ಬೇರೆಯವರ ಪಾಲಾಗುತ್ತದೆ ಎಂಬ ಭಯ. ಇಲ್ಲಿ ಇಡ್ಲಿ ಮುಗಿಯುತ್ತಿರಲಿಲ್ಲ. ಅಮ್ಮ ಪಾತ್ರೆಯಲ್ಲಿ ಮುಚ್ಚಿಟ್ಟಿರುತ್ತಿದ್ದಳು. ಯಾರೂ ನನ್ನ ಕುರ್ಚಿಯನ್ನು ಬಯಸುತ್ತಿರಲಿಲ್ಲ. ಪೆಟ್ಟಿಗೆಗಳು ಕಟ್ಟಿದ ಹಗ್ಗದ ಸಮೇತ ಮೂಲೆಯಲ್ಲಿದ್ದವು. ಅಧ್ಯಾಪಕನಾಗಲು ಬರೆಯಬೇಕಿದ್ದ ಪರೀಕ್ಷೆಗೆ ಓದಬೇಕಿತ್ತು. ಪುಸ್ತಕ ಆ ಪೆಟ್ಟಿಗೆಯೊಳಗೆ. ಪೆಟ್ಟಿಗೆ ಬಿಚ್ಚುವುದೆಂದರೆ ಇಲ್ಲೇ ಇರುತ್ತೇನೆಂದು ಒಪ್ಪಿಕೊಂಡಂತೆ. ಗೆಳೆಯರ ಸಂದೇಶಗಳಿಗೆ ಉತ್ತರ ಕೊಡುವುದನ್ನೂ ನಿಲ್ಲಿಸಿದ್ದೆ.

‘ಸೋಮಾರಿ’ ಎಂಬ ಪದ ನನ್ನನ್ನು ಈಗಲೂ ಸಿಟ್ಟಿಗೆಬ್ಬಿಸುತ್ತದೆ. ಸೋಮಾರಿಗೆ ಮಲಗುವುದರಲ್ಲಿ ಒಂದು ಸುಖವಾದರೂ ಇರುತ್ತದೆ. ನಾನು ಛಾವಣಿಯ ಗಾರೆಯಲ್ಲಿದ್ದ ಸಣ್ಣ ಬಿರುಕನ್ನು ನೋಡುತ್ತಾ, ಇನ್ನೊಂದು ಕ್ಷಣಕ್ಕೆ ಏಳುತ್ತೇನೆ, ಇನ್ನೊಂದು ಕ್ಷಣಕ್ಕೆ ಏಳುತ್ತೇನೆ ಎಂದುಕೊಳ್ಳುತ್ತಾ ಬೆವರುತ್ತಿದ್ದೆ. ಅದು ಕೆಲಸಕ್ಕಿಂತ ದಣಿವಿನ ಕೆಲಸ. ಅಪ್ಪ ಆಫೀಸಿಗೆ ಹೊರಡುವ ಮುನ್ನ ಬಾಗಿಲು ಸರಿಸಿ, ‘ಏನು ಸಾಹೇಬ್ರು, ಇವತ್ತೇನು ಪ್ರೋಗ್ರಾಮು?’ ಎಂದು ಕೇಳುತ್ತಿದ್ದರು. ದಿನವೂ ಅದೇ ಪ್ರಶ್ನೆ, ಅದೇ ರಾಗ. ದೊಡ್ಡಪ್ಪ ಫೋನಿಗೆ ವಿಡಿಯೋ ಕಳಿಸುತ್ತಿದ್ದರು. ಕೋಟು ಹಾಕಿಕೊಂಡವನೊಬ್ಬ ವೇದಿಕೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಾ, ಗೆದ್ದವರೆಲ್ಲ ನಸುಕಿನಲ್ಲಿ ಎದ್ದವರೇ ಎನ್ನುತ್ತಿದ್ದ. ನಸುಕಿನಲ್ಲಿ ಎದ್ದು ಸೋತವರ ಲೆಕ್ಕ ಎಲ್ಲಿ ಸ್ವಾಮಿ? ಹಾಲಿನವರು, ಪೇಪರಿನವರು, ಪೌರಕಾರ್ಮಿಕರು ಎಲ್ಲರೂ ಅಷ್ಟೊತ್ತಿಗೇ ಏಳುತ್ತಾರಲ್ಲ, ಅವರನ್ನೇಕೆ ನಿನ್ನ ವೇದಿಕೆಗೆ ಕರೆದಿಲ್ಲ? ಇದನ್ನೇ ಬರೆದು ದೊಡ್ಡಪ್ಪನಿಗೆ ಕಳಿಸಿದೆ. ಉತ್ತರವಾಗಿ ಕೈ ಮುಗಿದ ಚಿತ್ರವೊಂದು ಬಂತು.

ಇನ್ನು ಪತ್ರೆಯ ವಿಷಯ. ಅಜ್ಜಿ ಬೆಳಗ್ಗೆ ಸ್ನಾನ ಮಾಡಿ, ಕೊರಳಲ್ಲಿರುವ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಏನನ್ನೂ ಬಾಯಿಗೆ ಹಾಕುವುದಿಲ್ಲ. ಕಾಫಿಯೂ ಇಲ್ಲ. ಪೂಜೆಗೆ ವಿಭೂತಿ, ನೀರು, ಮತ್ತು ಬಿಲ್ವಪತ್ರೆ. ಪತ್ರೆಯನ್ನು ಮೊಪೆಡ್ಡಿನಲ್ಲಿ ಬರುತ್ತಿದ್ದ ಹೂವಿನವಳು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದಳು. ಆಕೆ ಆ ಬಡಾವಣೆಗೆ ಬರುವುದನ್ನು ಬಿಟ್ಟಳು. ಅಜ್ಜಿಗೆ ಸಕ್ಕರೆ ಕಾಯಿಲೆ. ಬೆಳಗಿನ ಮಾತ್ರೆ ನುಂಗಿ ತಿಂಡಿ ತಿನ್ನಬೇಕು. ತಿಂಡಿ ಬೇಕಾದರೆ ಪೂಜೆ ಆಗಬೇಕು. ಪೂಜೆಗೆ ಪತ್ರೆ ಬೇಕು. ಪತ್ರೆಗೆ ಯಾರಾದರೂ ಹೋಗಬೇಕು. ಅಪ್ಪನಿಗೆ ಆಫೀಸು, ಅಮ್ಮನಿಗೆ ಒಲೆ. ಇಡೀ ಮನೆಯ ಕಣ್ಣು ನನ್ನ ಕೋಣೆಯ ಕಡೆ ತಿರುಗಿತು.

ಆ ಮೊದಲ ದಿನ ಆದ ಜಗಳ ನನಗೆ ಚೆನ್ನಾಗಿ ನೆನಪಿದೆ, ಅಥವಾ ಆಮೇಲೆ ಅಮ್ಮ ಮಾಡಿ ತೋರಿಸಿದ ಅಣಕದಿಂದ ನೆನಪಾಗಿದೆ.

‘ಪತ್ರೆ ಇಲ್ದೆ ಪೂಜೆ ಮಾಡಜ್ಜಿ. ಭಕ್ತಿ ಮುಖ್ಯ, ಎಲೆ ಅಲ್ಲ ಅಂತ ನೀನೇ ಹೇಳ್ತಿದ್ದೆ.’

‘ಅದು ದೊಡ್ಡೋರಿಗೆ ಕಣಪ್ಪ. ನಂಗೆ ಎಲೆನೇ ಬೇಕು.’

‘ಮಾರ್ಕೆಟ್ನಿಂದ ಅಪ್ಪ ತರಲಿ.’

‘ಮಾರ್ಕೆಟ್ಟಿಂದು ಯಾರ್ಯಾರು ಮುಟ್ಟಿರ್ತಾರೋ. ನಮ್ಮ ಹಳೇ ಮನೆ ಪಕ್ಕ ಟೀಚರಮ್ಮನ ಮನೇಲಿ ಮರ ಅದಲ್ಲ, ಹೋಗ್ಬುಟ್ಟು ಬಾ. ಮೈ ತೊಳ್ಕೊಂಡು ಹೋಗು. ಹಂಗೇ ಮುಟ್ಬೇಡ.’

‘ಚಾಮರಾಜಪುರಂವರೆಗೆ? ನಾಲ್ಕು ಎಲೆಗೆ?’

‘ಮೂರು ಮೂರು ಇರೋ ಎಲೆ. ನಾಲ್ಕಲ್ಲ.’

‘ನಾನು ಹೋಗ್ದಿದ್ರೆ?’

ಅಜ್ಜಿ ಮಾತ್ರೆಯ ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ಕಿಟಕಿಯ ಮೇಲಿಟ್ಟಳು. ‘ಹೋಗ್ದಿದ್ರೆ ಇಲ್ಲ. ಶಿವ ಇಟ್ಟಂಗಾಗ್ತದೆ. ನೀನು ಮಲಿಕ್ಕೋ.’

ಇದು ಒತ್ತೆಯಾಳಿನ ತಂತ್ರವಲ್ಲದೆ ಇನ್ನೇನು? ಒತ್ತೆಯಾಳೂ ತಾನೇ, ಹಿಡಿದವಳೂ ತಾನೇ. ನಾನು ಉರಿದುಹೋದೆ. ಬಕೆಟ್ಟಿನ ಮೇಲೆ ಸಿಟ್ಟು ತೀರಿಸಿಕೊಂಡು ಸ್ನಾನ ಮಾಡಿ, ಅಪ್ಪನ ಹಳೆಯ ಸೈಕಲ್ಲಿಗೆ ಗಾಳಿ ಹೊಡೆದು ಹೊರಟೆ. ಆಗಲೇ ಬಿಸಿಲೇರಿತ್ತು. ಕುವೆಂಪುನಗರ ದಾಟುವವರೆಗೂ ಅಜ್ಜಿಯನ್ನು, ಆಮೇಲೆ ಅಪ್ಪನನ್ನು, ರೈಲು ಗೇಟಿನ ಮುಂದೆ ನಿಂತಾಗ ವಿಶ್ವವಿದ್ಯಾಲಯವನ್ನು, ಒಬ್ಬೊಬ್ಬರನ್ನೇ ಬೈದುಕೊಂಡೆ. ವಾಪಸು ಬರುವಷ್ಟರಲ್ಲಿ ಅಜ್ಜಿ ನಡುಮನೆಯಲ್ಲಿ ಗೋಡೆಗೊರಗಿ ಕುಳಿತಿದ್ದಳು. ಮುಖ ಬಾಡಿತ್ತು. ಅಥವಾ ಬಾಡಿದಂತೆ ನನಗೆ ಕಂಡಿತು. ಅವಳು ಪೂಜೆ ಮುಗಿಸಿ, ಮಾತ್ರೆ ನುಂಗಿ, ಉಪ್ಪಿಟ್ಟಿನ ಮೊದಲ ತುತ್ತು ತಿನ್ನುವವರೆಗೆ ನನಗೆ ಕುಳಿತುಕೊಳ್ಳಲಾಗಲಿಲ್ಲ.

ಮರುದಿನ ಸ್ವಲ್ಪ ಬೇಗ ಹೊರಟೆ. ಇದರಲ್ಲಿ ಉತ್ಸಾಹವೂ ಇಲ್ಲ, ಶಿವನೂ ಇಲ್ಲ. ಒಬ್ಬ ಮುದುಕಿ ಹಸಿದುಕೊಂಡು ನನ್ನ ಕಾಲಿನ ಸದ್ದಿಗೆ ಕಾಯುತ್ತಿದ್ದಾಳೆ ಎಂಬ ಹಿಂಸೆ ಇತ್ತು, ಅಷ್ಟೇ.

ಟೀಚರಮ್ಮ ಎಂದರೆ ನಮ್ಮ ಹಳೆಯ ಮನೆಯ ಪಕ್ಕದವರು. ಅವರ ಮಾವನವರ ಕಾಲದಲ್ಲಿ ಆ ಮನೆಯವರು ಅರಮನೆಯ ಕೆಲಸದಲ್ಲಿದ್ದರು. ಇವರು ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಚಿಕ್ಕಂದಿನಲ್ಲಿ ನಾನು ಅವರ ಕಾಂಪೌಂಡಿನ ಮೇಲೆ ಹತ್ತಿ ಬೈಸಿಕೊಂಡವನೇ. ಬಿಲ್ವದ ಮರ ಅವರ ಹಿತ್ತಿಲಿನ ಬಚ್ಚಲಿನ ಪಕ್ಕದಲ್ಲಿದೆ. ನೋಡಲು ಸಾಧು, ಮುಟ್ಟಿದರೆ ಮೈಯೆಲ್ಲ ಮುಳ್ಳು.

‘ಬಂದ್ಯೇನೋ ಎಂ.ಎ.? ಏನ್ ಚುಚ್ತು?’

‘ಏನಿಲ್ಲ ಟೀಚರಮ್ಮ.’

‘ಏನಿಲ್ಲ ಅಂದ್ರೆ ಯಾಕೋ ಬೆರಳು ಬಾಯಲ್ಲಿಟ್ಕೊಂಡಿದೀಯ? ಕೊಂಬೆ ಹಿಡ್ಕೊಂಡು ತೊಟ್ಟು ಚಿವುಟು. ಎಳೀಬೇಡ. ಅದೇನು ನಿನ್ನ ಜುಟ್ಟಾ? ಅರಿಸಿನ ಹಾಕು ಬಾ. ಕಾಫಿ ಕುಡೀತೀಯಾ?’

‘ಅಜ್ಜಿ ಕಾಯ್ತಿರ್ತಾಳೆ.’

‘ನಿಂತ್ಕೊಂಡೇ ಕುಡಿ. ನಿಂತೋರಿಗೆ ಹೊತ್ತಾಗಲ್ಲ.’

ಅವರು ನನ್ನನ್ನು ಮುಂದೇನು ಮಾಡುತ್ತೀಯ ಎಂದು ಒಂದು ಸಲವೂ ಕೇಳಲಿಲ್ಲ. ಅಥವಾ ಕೇಳಿ ನಾನು ಮರೆತಿದ್ದರೆ, ಮರೆಯುವಂತೆ ಕೇಳಿರಬೇಕು. ಆದರೆ ಮೊದಲ ವಾರವೇ ಒಂದು ಕಾನೂನು ಹೇಳಿದರು. ಸೋಮವಾರ ಪತ್ರೆ ಕೀಳುವ ಹಾಗಿಲ್ಲ.

‘ಸೋಮವಾರ ಶಿವನ ವಾರ ಅಲ್ವಾ? ಅವತ್ತೇ ಹೆಚ್ಚು ಬೇಕಾಗತ್ತಲ್ಲ?’

‘ಅದಕ್ಕೇ ಕೀಳಬಾರದು. ಮರಕ್ಕೂ ಒಂದು ರಜಾ ಬೇಡ್ವಾ? ಇದು ನಮ್ಮನೆ ಪದ್ಧತಿ. ನಿಮ್ಮಲ್ಲಿ ಇಲ್ದಿದ್ರೆ ಇಲ್ಲ. ಮರ ನನ್ನದು.’

ಮನೆಗೆ ಬಂದು ಇದನ್ನು ವರದಿ ಮಾಡಿದರೆ ಅಜ್ಜಿ ಜಗಳಕ್ಕೇನೂ ಹೋಗಲಿಲ್ಲ. ‘ಅವರ ಮರ, ಅವರು ಹೇಳಿದಂಗೆ. ಭಾನುವಾರನೇ ಎರಡು ದಿನದ್ದು ತಂದ್ಬುಡು’ ಅಂದಳು. ನನಗೆ ವಾರಕ್ಕೊಂದು ರಜೆ ಸಿಕ್ಕಿತೆಂದು ಸಂತೋಷವಾಯಿತು. ಸಂತೋಷದಲ್ಲಿ ಯೋಚಿಸುವುದನ್ನು ಮರೆತೆ. ಇತಿಹಾಸದ ವಿದ್ಯಾರ್ಥಿ, ವಾರವಾರವೂ ಕಣ್ಣೆದುರಿಗೇ ಬಿದ್ದಿದ್ದ ಸಾಕ್ಷಿಯನ್ನು ನೋಡಲಿಲ್ಲ. ಆ ಮಾತಿಗೆ ಬರುತ್ತೇನೆ.

ಪತ್ರೆ ತರುವುದರ ಜೊತೆಗೆ ಬೇರೆ ಕೆಲವು ಸಂಗತಿಗಳು ತಾವಾಗಿಯೇ ನಡೆದವು. ಸ್ನಾನ ಮಾಡಿಯೇ ಹೋಗಬೇಕಾದ್ದರಿಂದ ದಿನ ಶುರುವಾಗುವ ಮೊದಲೇ ಸ್ನಾನವಾಗಿರುತ್ತಿತ್ತು. ಸ್ನಾನ ಮಾಡಿ ಸೈಕಲ್ ತುಳಿದು ಬಂದವನಿಗೆ ಮತ್ತೆ ಮಲಗಲು ನಾಚಿಕೆಯಾಗುತ್ತಿತ್ತು. ಅಜ್ಜಿಯ ಪೂಜೆ ಮುಗಿದು ತಿಂಡಿಗೆ ಕರೆಯುವವರೆಗೆ ಮಾಡಲು ಬೇರೆ ಕೆಲಸವಿಲ್ಲದೆ ಒಂದು ಪೆಟ್ಟಿಗೆಯ ಹಗ್ಗ ಕತ್ತರಿಸಿದೆ. ಬೇಕಾದ ಪುಸ್ತಕ ಮೇಲೆಯೇ ಇತ್ತು. ಊಟದ ಮೇಜಿನ ಮೇಲೆ, ಒಗ್ಗರಣೆಯ ಸೀನುಗಳ ಮಧ್ಯೆ ಓದತೊಡಗಿದೆ. ಕೋಟು ಹಾಕಿಕೊಂಡವನು ಇದನ್ನು ಕಂಡಿದ್ದರೆ ಖಂಡಿತ ಒಂದು ಹೆಸರಿಡುತ್ತಿದ್ದ. ನಾನು ಇಡುವುದಿಲ್ಲ. ಸ್ಫೂರ್ತಿ ಬಂದು ನಾನು ಎದ್ದದ್ದಲ್ಲ. ಎದ್ದು ಓಡಾಡಿದ ಮೇಲೆ, ಸಾಲ ವಸೂಲಿಗೆ ಬಂದವರ ಹಾಗೆ ಅದು ಹಿಂದಿನಿಂದ ಬಂತು.

ಅಪ್ಪನ ಪ್ರಶ್ನೆ ಮಾತ್ರ ನಿಲ್ಲಲಿಲ್ಲ. ‘ಏನು ಸಾಹೇಬ್ರು, ಇವತ್ತೇನು ಪ್ರೋಗ್ರಾಮು?’ ನಾನು ‘ಪತ್ರೆ’ ಅನ್ನುತ್ತಿದ್ದೆ. ‘ಎಂ.ಎ. ಮಾಡಿ ಪತ್ರೆ’ ಎನ್ನುತ್ತಾ ಅವರು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು.

ಈಗ ಆ ಒಂದು ಸೋಮವಾರ. ನನ್ನ ಇಡೀ ವಾದ ಅದರ ಮೇಲೆ ನಿಂತಿದೆ.

ನನ್ನ ನೆನಪಿನ ಪ್ರಕಾರ, ಆ ದಿನ ನನ್ನನ್ನು ಯಾರೂ ಎಬ್ಬಿಸಲಿಲ್ಲ. ಭಾನುವಾರದ ಪತ್ರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತಟ್ಟೆಯಲ್ಲಿತ್ತು. ಅಜ್ಜಿಗೆ ನನ್ನಿಂದ ಏನೂ ಬೇಕಿರಲಿಲ್ಲ. ಎಚ್ಚರವಾಯಿತು. ಛಾವಣಿಯ ಬಿರುಕು ನೋಡಿದೆ. ಆಮೇಲೆ ಕಾಲು ಕೆಳಗಿಟ್ಟೆ. ಸ್ನಾನ ಮಾಡಿ, ಪತ್ರೆಯ ಚೀಲವಿಲ್ಲದೆ, ಸೈಕಲ್ ಹತ್ತಿ ಹೊರಟೆ. ಏಕೆ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಬೆಳಗಿನ ಗಾಳಿ ಬೇಕೆನಿಸಿತು ಎಂದು ಬರೆದರೆ ಅದು ನಂತರ ಸೇರಿಸಿದ ಅಲಂಕಾರವಾದೀತು.

ಟೀಚರಮ್ಮ ಹಿತ್ತಿಲು ಗುಡಿಸುತ್ತಿದ್ದರು. ನನ್ನನ್ನು ಕಂಡು ಪೊರಕೆ ಎತ್ತಿದರು.

‘ಇವತ್ತು ಸೋಮವಾರ ಕಣೋ! ಕೈ ಹಚ್ಚಿದ್ಯೋ ಜೋಕೆ.’

‘ಕೀಳೋಕೆ ಬಂದಿಲ್ಲ ಟೀಚರಮ್ಮ.’

‘ಮತ್ತೇನಕ್ಕೆ ಬಂದೆ?’

‘ಸುಮ್ನೆ ಬಂದೆ.’

‘ಸುಮ್ನೆ ಬಂದ್ಯಾ?’ ಪೊರಕೆ ಕೆಳಗಿಳಿಯಿತು. ‘ಹಾಗಾದ್ರೆ ಇವತ್ತು ಕೂತ್ಕೊಂಡು ಕುಡಿ.’

ರಾತ್ರಿ ಮರದಿಂದ ಒಂದು ಬಿಲ್ವದ ಕಾಯಿ ಒಗೆಯುವ ಕಲ್ಲಿನ ಮೇಲೆ ಬಿದ್ದು ಒಡೆದಿತ್ತು. ಒಳಗೆ ಹಳದಿ ತಿರುಳು, ಅದರ ತುಂಬ ಇರುವೆ, ಹಿತ್ತಿಲೆಲ್ಲ ಘಮ. ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯಲ್ಲಿದ್ದ ಗೆಳೆಯನೊಬ್ಬ ಬೇಲಕ್ಕೂ ಬಿಲ್ವಕ್ಕೂ ವ್ಯತ್ಯಾಸವೇ ಇಲ್ಲ ಎಂದು ನನ್ನೊಂದಿಗೆ ಒಂದು ಸಂಜೆಯೆಲ್ಲ ವಾದ ಮಾಡಿದ್ದ. ಫೋನು ತೆಗೆದು ಚಿತ್ರ ಹೊಡೆದು ಅವನಿಗೆ ಕಳಿಸಿದೆ. ‘ನೋಡು, ಇದು ಬಿಲ್ವ, ಬೇಲ ಅಲ್ಲ.’ ಎಷ್ಟೋ ತಿಂಗಳ ಮೇಲೆ ಅವನಿಗೆ ಹೋದ ಮೊದಲ ಮಾತು ಅದು. ಎಲ್ಲಿ ಸತ್ತಿದ್ದೆ ಎಂದು ಅವನು ಕೂಡಲೇ ಫೋನು ಮಾಡಿದ. ಕಲ್ಲಿನ ಪಕ್ಕ ಕುಳಿತು, ಕಾಫಿ ಆರಿಹೋಗುವವರೆಗೂ ಮಾತಾಡಿದೆ.

ಆಮೇಲಿನದು ಸಾಮಾನ್ಯ ಕಥೆ. ಓದಿದೆ, ಪರೀಕ್ಷೆ ಬರೆದೆ. ಈಗ ಒಂದು ಕಾಲೇಜಿನಲ್ಲಿ ಪಿಯು ಮಕ್ಕಳಿಗೆ ಇತಿಹಾಸ ಹೇಳುತ್ತೇನೆ. ಪತ್ರೆ ತರುವುದನ್ನು ಬಿಟ್ಟಿಲ್ಲ.

ಹೀಗಿರುವಾಗ ಈಚೆಗೆ ಒಂದು ಭಾನುವಾರ ಮಧ್ಯಾಹ್ನ ದೊಡ್ಡಪ್ಪ ಬಂದರು. ಊಟವಾಗಿ ಎಲ್ಲರೂ ನಡುಮನೆಯಲ್ಲಿ ಕುಳಿತಿದ್ದೆವು. ಅವರು ಓಡಾಡಿಕೊಂಡಿರುವ ಮಠದಲ್ಲಿ ಹುಡುಗರಿಗೆ ಶಿಬಿರವಂತೆ. ಅಲ್ಲಿ ನಾನು ಮಾತಾಡಬೇಕಂತೆ.

‘ಒಂದು ಹತ್ತು ನಿಮಿಷ ಸಾಕು ಕಣೋ. ಹೆಂಗಿದ್ದೆ, ಹೆಂಗಾದೆ ಅಂತ. ಈಗಿನ ಹುಡುಗ್ರಿಗೆ ಅದೇ ಬೇಕಾಗಿರೋದು.’

‘ನಾನು ಹೆಂಗಿದ್ದೆ ದೊಡ್ಡಪ್ಪ?’

‘ಹೆಂಗಿದ್ದೆ ಅಂದ್ರೆ... ಮಲಗಿದ್ದೆ.’

ಅಪ್ಪ ನಕ್ಕರು.

‘ಯಾರು ಎಬ್ಬಿಸಿದ್ದು?’

‘ಇನ್ಯಾರು? ಶಿವ. ಪತ್ರೆ ಸೇವೆ ಮಾಡಿದೆ, ಎದ್ದೆ.’

ನಾನು ಈ ಗಳಿಗೆಗಾಗಿಯೇ ಕಾಯುತ್ತಿದ್ದೆ. ‘ಸೋಮವಾರ ಟೀಚರಮ್ಮ ಪತ್ರೆ ಕೀಳೋಕೆ ಬಿಡಲ್ಲ. ಅವತ್ತು ಸೇವೆ ಇಲ್ಲ. ಅವತ್ತೂ ನಾನು ಎದ್ದು ಹೋಗಿದೀನಿ. ನಿಮ್ಮ ಶಿವ ರಜಾ ಹಾಕಿದ್ದ ದಿನ ಎದ್ದಿದೀನಿ. ಅದು ನನ್ನ ಕಾಲು, ನಾನೇ ಕೆಳಗಿಟ್ಟಿದ್ದು. ಬೇಕಾದ್ರೆ ಇದನ್ನ ಬಂದು ಹೇಳ್ತೀನಿ ನಿಮ್ಮ ಶಿಬಿರದಲ್ಲಿ.’

ದೊಡ್ಡಪ್ಪನಿಗೆ ಏನೂ ತಾಗಲಿಲ್ಲ. ಬದಲಿಗೆ ಪಾಠ ಹೇಳುವ ಖುಷಿ ಬಂತು. ‘ಅಯ್ಯೋ ಪೆದ್ದೆ, ಸೋಮವಾರ ಪೂಜೆಗೆ ಪತ್ರೆ ಇರಲ್ಲ ಅಂತ ಯಾರು ಹೇಳಿದ್ರು ನಿಂಗೆ? ಭಾನುವಾರದ್ದೇ ಏರಿಸ್ತಾಳೆ ಅವ್ವ. ಹೂವಾದ್ರೆ ಬಾಡ್ತದೆ, ನೈವೇದ್ಯ ಆದ್ರೆ ತಂಗಳಾಗ್ತದೆ. ಪತ್ರೆಗೆಲ್ಲಿಯ ತಂಗಳು? ಒಂದ್ಸಲ ತಂದಿಟ್ಕೊಂಡ್ರೆ ವಾರಗಟ್ಲೆ ತೊಳ್ದು ತೊಳ್ದು ಏರಿಸ್ಬೋದು. ಒಣಗಿದ್ರೂ ದೋಷ ಇಲ್ಲ. ಅದನ್ನ ದಿನಾ ಯಾರು ಕೀಳ್ತಾರೆ? ಎಂ.ಎ. ಮಾಡಿದೀಯ, ಇಷ್ಟು ಗೊತ್ತಿಲ್ವಾ? ಅಲ್ವೇನವ್ವ?’

ಅಜ್ಜಿಗೆ ತನ್ನ ಸೀರೆಯ ಅಂಚಿನಲ್ಲಿ ಒಂದು ಎಳೆ ಬಿಟ್ಟುಕೊಂಡಿರುವುದು ಆಗಲೇ ಕಾಣಬೇಕೆ? ಅದನ್ನು ಬಹಳ ಶ್ರದ್ಧೆಯಿಂದ ಬೆರಳಿಗೆ ಸುತ್ತತೊಡಗಿದಳು. ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಒಳಗಿನಿಂದ ಬಾಯಿಗೆ ಸೆರಗು ಒತ್ತಿಕೊಂಡವರ ಸದ್ದು ಬಂತು. ಅಪ್ಪ ಛಾವಣಿ ನೋಡಿದರು. ತನ್ನ ಪವಾಡವನ್ನು ತಾನೇ ಕೆಡವಿ ಹಾಕಿದ್ದು ದೊಡ್ಡಪ್ಪನೊಬ್ಬರಿಗೇ ಗೊತ್ತಾಗಲಿಲ್ಲ. ಇನ್ನೊಂದು ಲೋಟ ಮಜ್ಜಿಗೆ ಕೇಳಿದರು.

ವಾರಕ್ಕೊಂದು ಸಲ ಹೋದರೆ ಸಾಕಿತ್ತು! ನಾನು ಬೇಸಿಗೆಯಲ್ಲಿ ಬೆವರಿ, ಮಳೆಯಲ್ಲಿ ನೆನೆದು, ರೈಲು ಗೇಟು ಬಿದ್ದಾಗ ಅಜ್ಜಿಯ ಸಕ್ಕರೆ ಇಳಿದುಹೋಯಿತೇನೋ ಎಂದು ಹಲ್ಲು ಕಚ್ಚಿ ನಿಂತ ಬೆಳಗುಗಳೆಲ್ಲ ಬರೀ ನಾಟಕ. ಭಾನುವಾರದ ಎಲೆ ಸೋಮವಾರಕ್ಕೆ ಆಗುವುದಾದರೆ ಮಂಗಳವಾರಕ್ಕೆ ಏಕಾಗದು ಎಂದು ನನಗೆ ಹೊಳೆಯಲಿಲ್ಲ. ಪದ್ಧತಿಗಳನ್ನೆಲ್ಲ ಅಲ್ಲಗಳೆಯುವ ಉತ್ಸಾಹದಲ್ಲಿ, ಅಲ್ಲಗಳೆಯುತ್ತಿರುವ ಪದ್ಧತಿ ಏನೆಂದೇ ತಿಳಿದುಕೊಂಡಿರಲಿಲ್ಲ. ನಂಬುವವರ ಮನೆಯಲ್ಲಿ ಯಾರೂ ಈ ಬಲೆಗೆ ಬೀಳುತ್ತಿರಲಿಲ್ಲ. ನಂಬದವನೊಬ್ಬನೇ ಬೀಳಬೇಕಿತ್ತು.

ಸಂಜೆ ದೊಡ್ಡಪ್ಪ ಹೋದ ಮೇಲೆ ಅಜ್ಜಿಯ ಮುಂದೆ ಕುಳಿತೆ.

‘ಯಾಕೆ ಸುಳ್ಳು ಹೇಳಿದೆ?’

‘ಏನು ಸುಳ್ಳು ಹೇಳ್ದೆ? ಪತ್ರೆ ಬೇಕು ಅಂದೆ. ದಿನಾ ಹೊಸಾದೇ ಬೇಕು ಅಂದ್ನಾ?’

‘ಅಂದೆ.’

‘ಯಾವತ್ತು ಅಂದೆ? ನೆಪ್ಪು ಮಾಡ್ಕೊಂಡು ಹೇಳು.’

ಅಂದಳೇ? ನಾನೇ ಹಾಗೆಂದುಕೊಂಡೆನೇ?

‘ಹೋಗ್ಲಿ, ನಾನು ಬರೋವರೆಗೂ ಹಸ್ಕೊಂಡಿದ್ಯಾ ಇಲ್ವಾ? ಅದನ್ನಾದ್ರೂ ಹೇಳು.’

‘ಯಾವತ್ತು?’

‘ದಿನಾ.’

‘ದಿನಾ ಹಸಿವಾಗ್ತದೆ ಕಣೋ. ಮನುಷ್ಯಳಲ್ವಾ?’

ಅಮ್ಮನನ್ನು ಕೇಳಿದೆ. ‘ಮೊದಮೊದ್ಲು ಕಾದ್ರು. ಆಮೇಲೆ ನಂಗೆ ಗೊತ್ತಿಲ್ಲಪ್ಪ. ನಾನು ನೋಡಿದಾಗೆಲ್ಲ ಗೋಡೆಗೆ ಒರಗ್ಕೊಂಡು ಕೂತಿರ್ತಿದ್ರು.’ ನೋಡಿದಾಗೆಲ್ಲ ಎನ್ನುವುದು ಸಾಕ್ಷಿಯಲ್ಲ. ಮಂಗಳವಾರ ಪತ್ರೆಗೆ ಹೋದಾಗ ಟೀಚರಮ್ಮನನ್ನು ಕೇಳಿದೆ.

‘ನಿಮಗೆ ಇದು ಗೊತ್ತಿತ್ತಾ?’

‘ಪತ್ರೆ ವಿಷ್ಯ ಗೊತ್ತಿಲ್ದೆ ಮರ ಸಾಕಿದೀನೇನೋ?’

‘ಹೇಳ್ಬಹುದಿತ್ತಲ್ಲ.’

‘ನೀನು ಕೇಳ್ಲಿಲ್ವಲ್ಲ. ಕೇಳೋದನ್ನೇ ಅಲ್ವಾ ನಿಮ್ಮ ಕಾಲೇಜಲ್ಲಿ ಕಲಿಸೋದು?’

ಶಿಬಿರಕ್ಕೆ ಬರುವುದಿಲ್ಲ ಎಂದು ದೊಡ್ಡಪ್ಪನಿಗೆ ಹೇಳಿಬಿಟ್ಟೆ. ‘ಅಹಂಕಾರ ಬಂದ್ಬುಟ್ಟದೆ’ ಅಂದರಂತೆ. ಇರಲಿ. ಮಲಗಿದ್ದವನು ಎದ್ದರೆ ಅದು ದೇವರ ಕೆಲಸ. ಏಳದಿದ್ದರೆ ಅವನ ತಪ್ಪು. ಈ ನ್ಯಾಯವನ್ನು ಹುಡುಗರ ಮುಂದೆ ನಿಂತು ನಾನು ಹೇಳಬೇಕಿತ್ತೇ? ಆ ಶಿಬಿರದಲ್ಲಿ ಕುಳಿತವರಲ್ಲಿ ಒಬ್ಬನಾದರೂ ಛಾವಣಿಯ ಬಿರುಕು ನೋಡಿ ಬೆವರಿ ಬಂದಿರುತ್ತಾನೆ. ನನ್ನ ಕಥೆ ಕೇಳಿ, ತನಗೆ ಮಾತ್ರ ಶಿವ ಬರಲಿಲ್ಲ ಎಂದುಕೊಂಡು ಅವನು ಮನೆಗೆ ಹೋಗಿ ಮತ್ತೆ ಮಲಗುತ್ತಾನೆ. ಅವನ ಪರವಾಗಿಯೇ ನನಗೆ ಸಿಟ್ಟು.

ಅದರ ಜೊತೆಗೆ ಇನ್ನೊಂದು ಕಳವಳ ಉಳಿಯಿತು. ನನ್ನನ್ನು ಎಬ್ಬಿಸಿದ ಶ್ರೇಯಸ್ಸಿನಲ್ಲಿ ಶಿವನ ಪಾಲು ಹೋಯಿತು. ಉಳಿದ ದಿನಗಳೆಲ್ಲ ಅಜ್ಜಿಯ ಪಾಲಿಗೆ ಹೋದವು, ಅದನ್ನು ಹಲ್ಲು ಕಚ್ಚಿ ಒಪ್ಪುತ್ತೇನೆ. ನನ್ನದೆಂದು ಹೇಳಿಕೊಳ್ಳಲು ಉಳಿದದ್ದು ಆ ಸೋಮವಾರ ಒಂದೇ. ಅದನ್ನೂ ಅಪ್ಪ ಬಿಡಲಿಲ್ಲ. ‘ನೀನು ಸೋಮವಾರ ಯಾವತ್ತೋ ಎದ್ದಿದ್ದೆ? ಮಧ್ಯಾಹ್ನದವರೆಗೂ ಬಿದ್ದಿರ್ತಿದ್ದೆ’ ಅಂದರು. ಅಮ್ಮ ಅದು ಯಾವುದೋ ಹಬ್ಬದ ಮಾರನೆಯ ದಿನ ಇರಬೇಕು ಅಂದಳು. ಟೀಚರಮ್ಮನಿಗೆ ಪೊರಕೆ ಎತ್ತಿದ್ದೇ ನೆನಪಿಲ್ಲ; ‘ನಿನ್ನ ಮೇಲೆ ಎಷ್ಟು ಸಲ ಎತ್ತಿಲ್ಲ’ ಎಂದು ನಕ್ಕರು. ನನಗೇ ಅನುಮಾನ ಹತ್ತಿತು. ದೊಡ್ಡಪ್ಪನ ವಿರುದ್ಧ ವಾದ ಹೂಡಲು ಸೋಮವಾರ ಬೇಕಾಗಿತ್ತು. ಬೇಕಾದ್ದನ್ನು ನೆನಪು ಒದಗಿಸುತ್ತದೆ, ಬಾಡಿಗೆ ಸಾಕ್ಷಿಯ ಹಾಗೆ. ಅದು ಮಂಗಳವಾರವಾಗಿದ್ದರೆ? ಪತ್ರೆ ಕೀಳಲೆಂದೇ ಹೋಗಿ, ಚೀಲ ಮರೆತು, ಕಾಯಿ ಕಂಡು, ಉಳಿದದ್ದನ್ನೆಲ್ಲ ಆಮೇಲೆ ಕಟ್ಟಿಕೊಂಡಿದ್ದರೆ?

ನನ್ನ ಹಳೆಯ ಫೋನು ಕೆಟ್ಟು, ಅದರೊಳಗಿದ್ದ ಮಾತುಗಳೆಲ್ಲ ಹೋಗಿದ್ದವು. ಆದರೆ ಮಾತು ಎರಡು ಕಡೆ ಇರುತ್ತದೆ. ಗೆಳೆಯನಿಗೆ ಬರೆದೆ: ‘ಆ ಬಿಲ್ವದ ಕಾಯಿಯ ಚಿತ್ರ ನಿನ್ನ ಹತ್ತಿರ ಇದೆಯಾ? ಯಾವ ತಾರೀಖು ನೋಡು. ಯಾಕೆ ಅಂತ ಕೇಳಬೇಡ.’ ಅವನಿಗೆ ನಮ್ಮ ಅಜ್ಜಿ ಗೊತ್ತಿಲ್ಲ, ದೊಡ್ಡಪ್ಪ ಗೊತ್ತಿಲ್ಲ, ಯಾವ ವಾರವಾದರೂ ಅವನಿಗೆ ಲಾಭವಿಲ್ಲ. ಸಂಜೆಯವರೆಗೆ ಸುದ್ದಿಯಿಲ್ಲ. ಆಮೇಲೆ ಚಿತ್ರವೇ ಬಂತು: ಒಡೆದ ಕಾಯಿ, ಹಳದಿ ತಿರುಳು, ಇರುವೆ, ಕೆಳಗೆ ನನ್ನದೇ ಮಾತು, ಮೇಲೆ ತಾರೀಖು. ಅಪ್ಪ, ಅಮ್ಮ, ಅಜ್ಜಿ ಮೂವರೂ ನಡುಮನೆಯಲ್ಲಿದ್ದರು. ನಾನು ಫೋನಿನ ಕ್ಯಾಲೆಂಡರನ್ನು ಹಿಂದೆ ಹಿಂದೆ ಸರಿಸುತ್ತಾ ಆ ವರ್ಷಕ್ಕೆ, ಆ ತಿಂಗಳಿಗೆ, ಆ ಸಾಲಿಗೆ ಬಂದೆ.

ಸೋಮವಾರ.